ಮೂರನೇ ನಂಬರ್ ಬೇರಿಂಗ್

ಊರಿನಿಂದ ಅಪ್ಪ ಫೋನ್ ಮಾಡಿ "ಕಾರಿನ ಇಂಜಿನ್ ಟಕಟಕ ಅಂತಿದೆ ಕಣಪ್ಪ" ಅಂದಾಗ ನಾನು ಮೊದಲು ಮಾಡಿದ ಕೆಲಸ ಅವರನ್ನ ದಬಾಯಿಸಿದ್ದು. "ಟೈಮಿಗೆ ಸರಿಯಾಗಿ ಆಯಿಲ್ ಚೇಂಜ್ ಮಾಡ್ಸಿ ಅಂತ ಎಷ್ಟು ಸಲ ಹೇಳೋದು?"

"ಮಾಡ್ಸಿದ್ನಲ್ಲ" ಅಂದ ಅಪ್ಪ ಸುಮ್ಮನಾದರು.

ಕಾರು 1986ರ ಅಂಬಾಸಿಡರ್, ಮಾರ್ಕ್ 4. ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕ ವರ್ಷ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಗ್ಯಾರೇಜಿನವರು ಬೇರಿಂಗ್ ಸವೆದಿದೆ ಅಂದರು. ಹೊಸದು ಹಾಕಿದರು, ಹಳೆಯದನ್ನ ಎಸೆದರು, ನಾನು ದುಡ್ಡು ಕಳಿಸಿದೆ. ನಾಲ್ಕು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಮತ್ತೆ ಟಕಟಕ. ಸರ್ವರ್ ಬಿದ್ದಾಗ ಲಾಗ್ ನೋಡದೆ ರೀಸ್ಟಾರ್ಟ್ ಮಾಡುವ ಜೂನಿಯರ್‌ಗಳಿಗೆ ದಿನಾ ಬಯ್ಯುವ ನಾನು ಮಾಡಿದ್ದೂ ಅದನ್ನೇ.

ಈ ಸಲ ರಜೆ ಹಾಕಿ ಊರಿಗೆ ಹೋದೆ. ಅಪ್ಪನೂ ನಾನೂ ತಿಪಟೂರಿನ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಕಾರು ಒಯ್ದೆವು.

ಇಂಜಿನ್ ಬೇರಿಂಗ್ ಅಂದರೆ ಸೈಕಲ್ಲಿನ ಗುಂಡುಗಳಲ್ಲ. ಬಳೆಯನ್ನ ಎರಡು ಹೋಳು ಮಾಡಿದಂಥ ಪಟ್ಟಿಗಳು. ಬೆನ್ನು ಉಕ್ಕಿನದು, ಒಳಮೈ ಮೆದು ಲೋಹದ್ದು. ಅದಕ್ಕೂ ಒಳಗೆ ತಿರುಗುವ ಕ್ರ್ಯಾಂಕಿಗೂ ನಡುವೆ ಕೂದಲಿಗಿಂತ ತೆಳ್ಳಗೆ ಎಣ್ಣೆ ನಿಂತಿರುತ್ತೆ. ಆ 1489 ಸಿಸಿ ಇಂಜಿನ್ನಿನಲ್ಲಿ ನಾಲ್ಕು ಕನೆಕ್ಟಿಂಗ್ ರಾಡಿಗೆ ಎಂಟು ಹೋಳು, ಕ್ರ್ಯಾಂಕನ್ನು ಹಿಡಿಯುವ ಮೂರು ಕಡೆ ಆರು. ಒಟ್ಟು ಹದಿನಾಲ್ಕು.

ಮೇಸ್ತ್ರಿ ಹದಿನಾಲ್ಕನ್ನೂ ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟರು. ಯಾವ ನಂಬರ್, ಮೇಲಿನದು ಯಾವುದು, ಕೆಳಗಿನದು ಯಾವುದು, ಎಲ್ಲ ಗುರುತು ಮಾಡಿ. ನಾನು ಬಟ್ಟೆ ತಗೊಂಡೆ. "ಒರೆಸ್ಬೇಡಿ ಸಾರ್. ಮೊದ್ಲು ನೋಡ್ಬೇಕು."

ಆಮೇಲೆ ಒಂದೊಂದೇ ತೋರಿಸಿ ಹೇಳಿದರು. ಎಣ್ಣೆ ಸಾಲದೇ ಹೋಗಿದ್ದರೆ ಲೋಹ ಕರಗಿ ಮೆತ್ತಿಕೊಂಡಿರುತ್ತಿತ್ತು, ಅದೂ ಒಂದರಲ್ಲೇ ಅಲ್ಲ. ಎಣ್ಣೆ ಕೊಳಕಾಗಿದ್ದರೆ ಸುತ್ತ ಗೀರು, ಮೆದು ಲೋಹದಲ್ಲಿ ಚುಚ್ಚಿಕೊಂಡ ಕಸ. ಕ್ರ್ಯಾಂಕೇ ಬಾಗಿದ್ದರೆ ನಡುವಿನ ಮೇನ್ ಬೇರಿಂಗ್ ಹೆಚ್ಚು ಸವೆದಿರಬೇಕು. ಕೂರಿಸುವಾಗ ಹೋಳಿನ ಬೆನ್ನಿಗೆ ಕಸ ಸಿಕ್ಕಿದ್ದರೆ ಅಷ್ಟು ಜಾಗ ಮಾತ್ರ ಹೊಳೀತಿರುತ್ತೆ.

ಇಲ್ಲಿ ಹನ್ನೆರಡು ಹೋಳು ಚೆನ್ನಾಗೇ ಇದ್ದವು. ಮೂರನೇ ರಾಡಿನ ಎರಡು ಮಾತ್ರ ಬೇರೆ. ಮೇಲಿನದು ಮುಂದಿನ ಅಂಚಲ್ಲಿ ಸವೆದಿದೆ, ಕೆಳಗಿನದು ಹಿಂದಿನ ಅಂಚಲ್ಲಿ. ಆ ಪಿಸ್ಟನ್ನಿನ ಮೈಮೇಲೂ ಓರೆಯಾಗಿ ಉಜ್ಜಿದ ಗುರುತು.

"ಆಯಿಲ್ ತಪ್ಪಲ್ಲ ಇದು. ರಾಡ್ ಬೆಂಡಾಗಿದೆ" ಅಂದರು ಮೇಸ್ತ್ರಿ. ನನ್ನ ಕಣ್ಣಿಗೆ ರಾಡು ನೆಟ್ಟಗೇ ಇತ್ತು. ರೀಬೋರಿಂಗ್ ಅಂಗಡಿಯಲ್ಲಿ ಗೇಜಿಗೆ ಹಾಕಿದರೆ ಬಾಗಿರೋದು ನಿಜ. ಬಾಗಿದ ರಾಡಿಗೆ ಎಷ್ಟು ಸಲ ಹೊಸ ಬೇರಿಂಗ್ ಹಾಕಿದರೂ ಅದೇ ಮೂಲೆಗಳಲ್ಲಿ ಸವೆಯೋದೇ.

"ಗಾಡಿ ಯಾವಾಗಾದ್ರೂ ನೀರಿಗೆ ಇಳಿದಿತ್ತಾ?"

ಅಪ್ಪ ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ಹಿಂದಿನ ವರ್ಷ ಶೋಕಿಗೆ ಅಂತ ಕಾರನ್ನ ಬೆಂಗಳೂರಿಗೆ ತಂದಿದ್ದೆ. ಒಂದು ರಾತ್ರಿ ಮಳೆಯಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿಸಿದೆ. ಪಕ್ಕದಲ್ಲಿ ಬಸ್ಸು ಹೋಗಿ ನೀರು ಬಾನೆಟ್ ಮೇಲೆ ಬಂತು, ಇಂಜಿನ್ ಧಡ್ ಅಂತ ನಿಂತಿತು. ಮಾರನೇ ದಿನ ಪ್ಲಗ್ ಬಿಚ್ಚಿಸಿ ನೀರು ಹೊರಗೆ ಹಾಕಿಸಿ, ಆಯಿಲ್ ಬದಲಾಯಿಸಿದೆ. ಸ್ಟಾರ್ಟ್ ಆಯ್ತು. ಅಪ್ಪನಿಗೆ ಏನೂ ಹೇಳದೆ ಊರಿಗೆ ಬಿಟ್ಟು ಬಂದೆ. ಗಾಳಿ ಒತ್ತಿದರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಪಿಸ್ಟನ್ ಮೇಲೆ ಬರುವಾಗ ಸಿಲಿಂಡರಿನಲ್ಲಿ ನೀರಿದ್ದರೆ ರಾಡೇ ಬಾಗಬೇಕು. ಬಿಇ ಓದಿದವನಿಗೆ ಇದು ಗೊತ್ತಿರಬೇಕಿತ್ತು.

ಅಲ್ಲೇ ಎಲ್ಲ ಹೇಳಿಬಿಟ್ಟೆ. ಅಪ್ಪ ಟೀ ಲೋಟ ಕೆಳಗಿಟ್ಟು, "ಮ್ಯಾಟ್ ಕೆಳಗೆ ಕೆಸರಿತ್ತು. ಅವತ್ತೇ ಗೊತ್ತಾಯ್ತು ಬಿಡು" ಅಂದರು.

"ಮತ್ತೆ ನಾನು ಬೈದಾಗ ಯಾಕೆ ಹೇಳ್ಲಿಲ್ಲ?"

"ನೀರಿಂದ ಹಿಂಗಾಗುತ್ತೆ ಅಂತ ನಂಗೇನ್ ಗೊತ್ತು? ನೀನು ಇಂಜಿನಿಯರ್ ಅಲ್ವಾ, ಆಯಿಲ್ದೇ ಇರ್ಬೇಕು ಅನ್ಕೊಂಡೆ."

ಪುಣ್ಯಕ್ಕೆ ಕ್ರ್ಯಾಂಕ್ ಅಳತೆಯಲ್ಲಿ ಸರಿ ಇತ್ತು, ಪಾಲಿಶ್ ಮಾಡಿಸಿದ್ದೇ ಸಾಕಾಯ್ತು. ಮಿಕ್ಕ ಮೂರರ ತೂಕಕ್ಕೆ ಹೊಂದುವ ರಾಡು ಹುಡುಕಿ ಹಾಕಿದರು, ಬೇರಿಂಗ್ ಹೊಸದಾಗಿ ಹಾಕಿದರು. ಈಗ ಹತ್ತು ಸಾವಿರ ಕಿಲೋಮೀಟರ್ ದಾಟಿದೆ, ಸದ್ದಿಲ್ಲ. ಫೋನ್ ಮಾಡಿದಾಗ ಆಯಿಲ್ ವಿಷಯ ನಾನು ಎತ್ತಲ್ಲ.