ಯುದ್ಧದ ವರ್ಷ ಹುಟ್ಟಿದ ತಮ್ಮ

ನನ್ನ ತಮ್ಮ ಹುಟ್ಟಿದ್ದು 1942ರಲ್ಲಿ. ಆ ವರ್ಷ ಜಪಾನಿನವರು ಬರ್ಮಾ ಹಿಡಿದು ರಂಗೂನಿನ ಅಕ್ಕಿ ನಿಂತುಹೋಗಿತ್ತು. ಗುಮಟಾಪುರದ ನಾವು ರಾಗಿ ಉಣ್ಣುವವರು. ಆದರೂ ಬಯಲುಸೀಮೆಯಲ್ಲಿ ಅಕ್ಕಿ ಸಿಗದಾದಾಗ ನಮ್ಮ ರಾಗಿಯ ಬೆಲೆಯೂ ಏರಿತು. ಆಗ ನಮ್ಮೂರಿರುವ ತಾಳವಾಡಿ ಸೀಮೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದಲ್ಲೇ ಮೈಸೂರು ಸಂಸ್ಥಾನ, ನಮ್ಮ ನೆಂಟರೆಲ್ಲ ಚಾಮರಾಜನಗರದ ಕಡೆ. ಯುದ್ಧದ ಕಟ್ಟಳೆ ಬಂದಮೇಲೆ ದವಸ ಗಡಿ ದಾಟುವಂತಿರಲಿಲ್ಲ. ಸೋದರಮಾವನ ಕಣದಲ್ಲಿ ರಾಗಿಯಿದ್ದರೂ ನಮ್ಮ ಮನೆ ಮುಟ್ಟಲಿಲ್ಲ.

ಅವ್ವ ಮೊದಲ ಮುದ್ದೆಯನ್ನು ಹೊಲದಲ್ಲಿ ಆರು ಕಟ್ಟುವ ಅಪ್ಪನಿಗೂ ಅಣ್ಣನಿಗೂ ಇಡುತ್ತಿದ್ದಳು, ಆಮೇಲೆ ನಮಗೆ. ತಳ ಹಿಡಿದದ್ದನ್ನು ಕೆರೆದು ನೀರು ಬೆರೆಸಿ ತಾನು ಕುಡಿಯುತ್ತಿದ್ದಳು. ಎದೆಹಾಲು ಬತ್ತಿತು. "ಹಾಲಿಲ್ಲದ ಕೂಸು ಕನವ್ವ, ಮೂಳೆ ಹೆಂಗೆ ಬೆಳೆದಾದು?" ಎಂದಳು ಸೂಲಗಿತ್ತಿ ಅಜ್ಜಿ.

ವರ್ಷ ತುಂಬಿದರೂ ಕೂಸು ಎದ್ದು ನಿಲ್ಲಲಿಲ್ಲ. ಕೂದಲು ಕೆಂಚಾಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಪಾದ ಊದಿಕೊಂಡು, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಆ ಗುಳಿ ತುಂಬುವುದನ್ನು ನಾನು ನೋಡುತ್ತ ಕೂರುತ್ತಿದ್ದೆ. ಅದೇಕೋ ಬೇಗ ತುಂಬುತ್ತಿರಲಿಲ್ಲ.

ಕೂಸು ಉಳಿಯಿತು, ಆದರೆ ಎತ್ತರ ಬೆಳೆಯಲಿಲ್ಲ. ದೀಪಾವಳಿ ಕಳೆದು ಗೊರೆಹಬ್ಬ ಬಂದಾಗ, ಬೀರೇಶ್ವರನ ಗುಡಿ ಬಳಿ ಸಗಣಿ ಎರಚುವ ಓರಗೆಯ ಹೈಕಳ ನಡುವೆ ಅವನು ಕಾಣುತ್ತಲೇ ಇರಲಿಲ್ಲ. ಊರು ಅವನನ್ನು ಕುಳ್ಳ ಎಂದು ಕರೆಯಿತು. ಆ ಹೆಸರು ನನಗೆ ಇಂದಿಗೂ ಉರಿಯುತ್ತದೆ. ಅಪ್ಪ ತಲೆ ಬಗ್ಗಿಸಿ ಬಾಗಿಲು ದಾಟುತ್ತಿದ್ದ ಆಳು. ಯುದ್ಧ ಮುಗಿದ ಮೇಲೆ ಹುಟ್ಟಿದ ಕಿರಿಯ ತಮ್ಮನೂ ಹಾಗೆಯೇ ಬೆಳೆದ. ವಂಶದ್ದೇ ಆಗಿದ್ದರೆ ಇಬ್ಬರಿಗೂ ಬರಬೇಕಿತ್ತಲ್ಲ?

ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆಗೆ ಸಾಲದಾಗ ಮೈ ತನ್ನ ಕಸುವನ್ನೆಲ್ಲ ಜೀವ ಉಳಿಸಿಕೊಳ್ಳಲು ಬಳಸುತ್ತದೆ, ಮೂಳೆಯ ಬೆಳವಣಿಗೆ ನಿಲ್ಲುತ್ತದೆ. ಬಸಿರಿನಿಂದ ಎರಡು ವರ್ಷದವರೆಗೆ ತಪ್ಪಿದ್ದು ಮುಂದೆ ಪೂರ್ತಿ ಕೂಡಿಬರುವುದು ಕಷ್ಟ. ನೆದರ್ಲೆಂಡ್ಸಿನಲ್ಲಿ 1944-45ರ ಚಳಿಗಾಲ ಜರ್ಮನರು ಆಹಾರ ತಡೆದಾಗ ಬಸಿರಿನಲ್ಲಿದ್ದ ಮಕ್ಕಳಿಗೆ ಐವತ್ತರ ಹೊತ್ತಿಗೆ ರಕ್ತದ ಸಕ್ಕರೆಯ ತೊಂದರೆ ಹೆಚ್ಚು ಕಂಡಿತಂತೆ. ನನ್ನ ತಮ್ಮನಿಗೂ ಆ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ ಬಂತು. ಅದೇ ಕಾರಣವೆಂದು ಅವರು ಹೇಳಲಿಲ್ಲ, ನಾನೂ ಹೇಳಲಾರೆ.

ಅವನ ಹೆಂಡತಿ ಮೊದಲ ಬಸುರಿಯಾದಾಗ ಅವ್ವ ಬಡಿಸುವ ಸರದಿ ಬದಲಿಸಿದಳು. ಮೊದಲ ಮುದ್ದೆ ಸೊಸೆಗೆ. ಅಪ್ಪ ಹೊಲದಿಂದ ಹಸಿದು ಬಂದು ಕೂತಿದ್ದರೂ ಅಷ್ಟೇ.