ಷಡ್ಜದಿಂದ ಪಂಚಮಕ್ಕೆ

ಮುಂಬಯಿಯ ಬೊರಿವಲಿಯಲ್ಲಿ ಐ.ಸಿ. ಕಾಲನಿಯ ಕಡೆ ಸಂಜೆ ನಡೆದರೆ ಯಾವುದಾದರೂ ಮನೆಯಿಂದ ಪಿಯಾನೊ ಕೇಳುತ್ತದೆ. ಇಗರ್ಜಿಯ ಹಾಡುಗಾರರ ನಡುವೆ ಬೆಳೆದ ಬಡಾವಣೆ. ಐದು ಗೆರೆಯ ಲಿಪಿ ಇಲ್ಲಿ ಅಪರಿಚಿತವಲ್ಲ. ಅದನ್ನು ಓದಿ ಪಿಟೀಲು ಕಲಿಯುವ ನಮ್ಮ ಕನ್ನಡದ ಮಕ್ಕಳಿಗಾಗಿ ನಾನು ವರಸೆಗಳನ್ನೂ ದೇವರನಾಮಗಳನ್ನೂ ಲಿಲಿಪಾಂಡ್‌ನಲ್ಲಿ ಬರೆದುಕೊಡುತ್ತೇನೆ. 1996ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ಈ ತಂತ್ರಾಂಶಕ್ಕೆ ಸ್ವರಗಳನ್ನು ಅಕ್ಷರಗಳಲ್ಲೇ ಹೇಳಬೇಕು: ಸಿ ಷಡ್ಜವಾದರೆ ಜಿ ಪಂಚಮ. ಮೇಲಿನ ಸ್ಥಾಯಿಗೆ ಅಪಾಸ್ಟ್ರಫಿ, ಕೆಳಗಿನದಕ್ಕೆ ಕಾಮಾ.

ಹೇಳುವ ಬಗೆ ಎರಡು. ‘ರಿಲೇಟಿವ್’ನಲ್ಲಿ ಪ್ರತಿ ಸ್ವರವೂ ಹಿಂದಿನದರ ಹತ್ತಿರದ ಜಾಗ ಹಿಡಿಯುತ್ತದೆ. ಸರಳೆ ವರಸೆಗೆ ಇದು ಹೇಳಿ ಮಾಡಿಸಿದ್ದು. ಮೆಟ್ಟಿಲು ಮೆಟ್ಟಿಲಾಗಿ ತಾರಷಡ್ಜಕ್ಕೆ ಏರಿ ಇಳಿದರೂ ಒಂದು ಗುರುತೂ ಬೇಡ. ದಾಟು ವರಸೆ ಬಂದಾಗ ಕಥೆ ಬೇರೆ. ಸ-ಮ ಬರೆದರೆ ಮಧ್ಯಮ ಮೇಲೆ ಕೂರುತ್ತದೆ, ಸ-ಪ ಬರೆದರೆ ಪಂಚಮ ಮಂದ್ರಕ್ಕೆ ಇಳಿಯುತ್ತದೆ! ಷಡ್ಜದಿಂದ ಆ ಪಂಚಮವೇ ಹತ್ತಿರ. ಮೇಲಿನ ಪಂಚಮ ಬೇಕೆಂದರೆ ಅಪಾಸ್ಟ್ರಫಿ ಹಾಕಬೇಕು. ಬಿಟ್ಟರೆ ಮುಂದಿನದೆಲ್ಲ ಒಂದು ಸ್ಥಾಯಿ ಕೆಳಗೆ. ಲೋಕಲ್ ಹತ್ತಿದವನಿಗೆ ‘ಮಾಲಾಡ್‌ನಲ್ಲಿ ಇಳಿ’ ಎನ್ನದೆ ‘ಎರಡನೇ ಸ್ಟೇಷನ್ನಿನಲ್ಲಿ ಇಳಿ’ ಎಂದ ಹಾಗೆ: ಎಲ್ಲಿಂದ ಹತ್ತಿದ ಎನ್ನುವುದು ತಪ್ಪಿದರೆ ಇಳಿಯುವುದೂ ತಪ್ಪುತ್ತದೆ.

ಕಂಠಕ್ಕೆ ರಿಲೇಟಿವ್ ಸಹಜ, ಒಪ್ಪುತ್ತೇನೆ. ಹಾಡುವವರು ಹಿಂದಿನ ಸ್ವರದ ಆಸರೆಯಲ್ಲೇ ಮುಂದಿನದಕ್ಕೆ ಹೋಗುತ್ತಾರೆ. ಆದರೆ ನಮ್ಮ ಹಾಡು ಪಲ್ಲವಿಗೆ ಮತ್ತೆ ಮತ್ತೆ ಮರಳುತ್ತದೆ. ಒಮ್ಮೆ ಅನುಪಲ್ಲವಿಯ ತಾರಷಡ್ಜದಿಂದ, ಇನ್ನೊಮ್ಮೆ ಚರಣದ ಕೆಳಗಿನ ನಿಲುಗಡೆಯಿಂದ. ರಿಲೇಟಿವ್‌ನಲ್ಲಿ ಅದೇ ಸಾಲನ್ನು ನಕಲಿಸಿ ಅಂಟಿಸಿದರೆ ಅದರ ಮೊದಲ ಸ್ವರ ಪ್ರತಿಸಲ ಬೇರೆ ಎತ್ತರಕ್ಕೆ ಹೋಗಬಹುದು. ಪಲ್ಲವಿ ಎಲ್ಲಿಂದ ಬಂದರೂ ಪಲ್ಲವಿಯೇ ಆಗಿರಬೇಕು.

ಹಾಗಾಗಿ ನನ್ನ ಆಯ್ಕೆ ‘ಫಿಕ್ಸ್ಡ್’. ಮಧ್ಯಸ್ಥಾಯಿ ಯಾವುದೆಂದು ಆರಂಭದಲ್ಲಿ ಒಮ್ಮೆ ಹೇಳಿದರೆ ಅಲ್ಲಿಯ ಸ್ವರಗಳಿಗೆ ಯಾವ ಗುರುತೂ ಬೇಡ. ತಾರಕ್ಕೆ ಒಂದು ಅಪಾಸ್ಟ್ರಫಿ, ಮಂದ್ರಕ್ಕೆ ಒಂದು ಕಾಮಾ. ಇದೇ ಮುಂಬಯಿಯ ವಾಲ್ಕೇಶ್ವರದಲ್ಲಿ 1860ರಲ್ಲಿ ಹುಟ್ಟಿದ ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಸ್ವರಲಿಪಿಯ ಕ್ರಮವೂ ಇದೇ: ತಾರಕ್ಕೆ ಮೇಲೊಂದು ಚುಕ್ಕೆ, ಮಂದ್ರಕ್ಕೆ ಕೆಳಗೊಂದು, ಮಧ್ಯಕ್ಕೆ ಏನೂ ಇಲ್ಲ. ನಮ್ಮ ಕನ್ನಡ ಪಾಠಪುಸ್ತಕಗಳಲ್ಲೂ ಅದೇ ಚುಕ್ಕೆ. ಅಂಥ ಪುಸ್ತಕ ಎದುರಿಗಿದ್ದರೆ ಚುಕ್ಕೆ ಇದ್ದಲ್ಲಿ ಗುರುತು ಹಾಕುತ್ತ ನೇರವಾಗಿ ಟೈಪ್ ಮಾಡಬಹುದು; ನಾಳೆ ಯಾವುದಾದರೂ ಹುಡುಗಿ ನನ್ನ ಕಡತ ತೆರೆದು ನಡುವಿನ ಒಂದು ಸಂಗತಿಯನ್ನಷ್ಟೇ ತಿದ್ದಬೇಕೆಂದರೂ ಅದರ ಹಿಂದುಮುಂದಿನ ಸ್ವರಗಳು ಅಲುಗುವುದಿಲ್ಲ.