ಹಳೆಯ ಜಾವಾ

ಹೊಸ ವಸ್ತುವನ್ನು ಕೊಳ್ಳುವುದಕ್ಕೆ ಹಣವೊಂದಿದ್ದರೆ ಸಾಕು. ಹಳೆಯದನ್ನು ಉಳಿಸಿಕೊಳ್ಳುವುದಕ್ಕೆ ತಾಳ್ಮೆ ಬೇಕು, ತಿಳಿವಳಿಕೆ ಬೇಕು, ಕೈಗೆ ಮಸಿ ಹತ್ತೀತೆಂಬ ಹಿಂಜರಿಕೆ ಇಲ್ಲದಿರಬೇಕು. ಅಜ್ಜಿಯ ಕಾಲದ ಹಿತ್ತಾಳೆಯ ಕೊಳಗವನ್ನು ಹುಣಸೆಹಣ್ಣು ಹಚ್ಚಿ ಬೆಳಗುವವರು ಇದನ್ನು ಬಲ್ಲರು. ಬಾವಿಯ ರಾಟೆಗೆ ಎಣ್ಣೆ ಬಿಡುವವರು, ಗೋಡೆಯ ಗಡಿಯಾರಕ್ಕೆ ತಪ್ಪದೆ ಕೀಲಿ ಕೊಡುವವರು ಬಲ್ಲರು. ವಸ್ತುವೊಂದು ಬಹುಕಾಲ ಬಾಳಿತೆಂದರೆ, ಯಾರದೋ ಕೈ ಅದರ ಬೆನ್ನಿಗೆ ನಿಂತು ಎಡೆಬಿಡದೆ ದುಡಿದಿದೆ ಎಂದೇ ಅರ್ಥ. ಮೈಸೂರಿನ ಕೆಲವು ಮನೆಗಳಲ್ಲಿ ಇಂದಿಗೂ ಓಡುತ್ತಿರುವ ಜಾವಾ ಮೋಟಾರು ಸೈಕಲ್ಲುಗಳ ಕಥೆಯೂ ಇಂಥದೇ.

ಜಾವಾ ಎಂದೊಡನೆ ಇಂಡೋನೇಷ್ಯಾದ ದ್ವೀಪವನ್ನು ನೆನೆಯುವವರುಂಟು. ಈ ಹೆಸರಿಗೂ ಆ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ, ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲನ್ನು ತನ್ನ ಕಾರ್ಖಾನೆಯಲ್ಲಿ ತಯಾರಿಸತೊಡಗಿದನು. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳಿಗೆ ಆ ಸಂಸ್ಥೆಯ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಕೂಡಿಸಿ ಹೊಸ ಹೆಸರನ್ನು ಕಟ್ಟಿದನು. ಚೆಕ್ ಜನರು ಅದನ್ನು ‘ಯಾವಾ’ ಎಂದು ಉಚ್ಚರಿಸುತ್ತಾರೆ. ಮೈಸೂರಿನವರ ಬಾಯಲ್ಲಿ ಅದು ಜಾವಾ ಆಯಿತು. ಮೈಸೂರಿಗೆ ಅದನ್ನು ತಂದದ್ದು 1960ರಲ್ಲಿ ಸ್ಥಾಪನೆಗೊಂಡ ಐಡಿಯಲ್ ಜಾವಾ ಎಂಬ ಸಂಸ್ಥೆ. ಯಾದವಗಿರಿಯಲ್ಲಿ ಅದರ ಕಾರ್ಖಾನೆ ಎದ್ದಿತು. 1973ರಿಂದ ಅಲ್ಲಿಯ ವಾಹನಗಳು ಯೆಜ್ಡಿ ಎಂಬ ಹೆಸರನ್ನು ಧರಿಸಿ ಹೊರಬಂದವು. ಮೈಸೂರಿನ ಎಷ್ಟೋ ಮನೆಗಳಿಗೆ ಅನ್ನ ನೀಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯಂತ್ರಗಳನ್ನು ಹೆತ್ತ ಮನೆ ಇಲ್ಲವಾಯಿತು. ಯಂತ್ರಗಳು ಮಾತ್ರ ಊರೂರುಗಳಲ್ಲಿ ಉಳಿದುಕೊಂಡವು.

ಅಂಥ ಒಂದು ಜಾವಾ ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಹಿತ್ತಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಹನ್ನೆರಡು ವರ್ಷಗಳಿಂದ ನಿಂತಲ್ಲೇ ನಿಂತಿತ್ತು. 1972ರಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರು ಅದನ್ನು ಕೊಂಡಿದ್ದರು. ನಂಜನಗೂಡಿನ ಕಡೆಯ ಹಳ್ಳಿಯ ಶಾಲೆಗಳಿಗೆ ಅದರ ಮೇಲೆಯೇ ಹೋಗಿಬರುತ್ತಿದ್ದರು. ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ಸಂತೆಯ ತರಕಾರಿ, ಜ್ವರದಿಂದ ನರಳುವ ಶಿಷ್ಯ ಎಲ್ಲವನ್ನೂ ಅದು ಹೊತ್ತಿತ್ತು. ಈಗ ಅದರ ಕಡುಗೆಂಪು ಬಣ್ಣ ಮಾಸಿತ್ತು; ಚಕ್ರಗಳಲ್ಲಿ ಗಾಳಿಯಿರಲಿಲ್ಲ; ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದ್ದವು.

ಬೆಂಗಳೂರಿನಿಂದ ಬಂದ ಮಗ ಒಮ್ಮೆ, “ಅಪ್ಪ, ಇದನ್ನು ಇಟ್ಟುಕೊಂಡು ಏನು ಮಾಡುತ್ತೀರಿ? ಗುಜರಿಯವನಿಗೆ ಕೊಟ್ಟುಬಿಡಿ. ಜಾಗವಾದರೂ ಮಿಗುತ್ತದೆ” ಎಂದನು. ಮಾತು ತಪ್ಪಾಗಿರಲಿಲ್ಲ. ಮೇಷ್ಟ್ರು ಉತ್ತರ ಕೊಡಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಮಾತ್ರ ಧೂಳು ಹಿಡಿದ ಟ್ಯಾಂಕಿನ ಮೇಲೆ ಬೆರಳಾಡಿಸುತ್ತ, “ತಾತ, ಇದು ಮತ್ತೆ ಓಡುತ್ತದೆಯೇ?” ಎಂದು ಕೇಳಿದಳು.

“ಬಿಚ್ಚಿ ನೋಡದೆ ಹೇಗೆ ಹೇಳಲಿ, ಮಗು?” ಎಂದರು ಮೇಷ್ಟ್ರು.

ಬಿಚ್ಚುವವರು ಯಾರು? ಅದೇ ಬೀದಿಯಲ್ಲಿ, ಯಾದವಗಿರಿಯ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದ ಹಿರಿಯರೊಬ್ಬರು ಇದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಸಣ್ಣ ಸೈಕಲ್ ಅಂಗಡಿ ಇಟ್ಟು ಸಂಸಾರ ಸಾಗಿಸಿದವರು. ಅವರು ಬಂದು ವಾಹನದ ಸುತ್ತ ಒಮ್ಮೆ ನಡೆದರು. ಕುಕ್ಕುರುಗಾಲಿನಲ್ಲಿ ಕುಳಿತು ಎಂಜಿನ್ನಿನ ಮೇಲಿನ ಜಿಡ್ಡನ್ನು ಬೆರಳಿನಿಂದ ಒರೆಸಿದರು. ಆ ಬೆರಳುಗಳು ನಡುಗುತ್ತಿದ್ದವು. “ಸ್ಕ್ರೂ ಹಿಡಿಯುವ ಕೈ ಇದಲ್ಲ, ಮೇಷ್ಟ್ರೇ. ಈ ಮಗು ಕೆಲಸ ಮಾಡುವುದಾದರೆ ನಾನು ಕೂತು ಹೇಳಿಕೊಡುತ್ತೇನೆ” ಎಂದರು. ಬೇಸಿಗೆಯ ರಜೆಯ ಕೆಲಸ ಹೀಗೆ ನಿಶ್ಚಯವಾಯಿತು.

ಮೊದಲ ದಿನದ ಪಾಠ ಸ್ಪ್ಯಾನರಿನದಲ್ಲ, ನೋಟುಪುಸ್ತಕದ್ದು. ಕಳಚಿದ ಒಂದೊಂದು ಭಾಗದ ಚಿತ್ರವನ್ನು ಬರೆದುಕೊಳ್ಳಬೇಕು. ಅದರ ಸ್ಕ್ರೂ, ನಟ್ಟು, ವಾಷರುಗಳನ್ನು ಒಂದೊಂದು ಬಟ್ಟಲಿನಲ್ಲಿ ಕ್ರಮವಾಗಿ ಇಡಬೇಕು. “ಬಿಚ್ಚುವಾಗಲೇ ಜೋಡಿಸುವುದನ್ನು ಕಲಿಯಬೇಕು” ಎಂಬುದು ಹಿರಿಯರ ಸೂತ್ರ. ಆತುರದಿಂದ ಬಿಚ್ಚಿದ ಯಂತ್ರ ಗೋಣಿಚೀಲ ಸೇರುತ್ತದೆ. ಆಮೇಲೆ ಗುಜರಿಯ ಅಂಗಡಿ ಸೇರುತ್ತದೆ.

ಎಂಜಿನ್ ಬಿಗಿದುಕೊಂಡಿತ್ತು. ಹನ್ನೆರಡು ಮಳೆಗಾಲಗಳ ತೇವದಿಂದ ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು. ಹುಡುಗಿ ಕಿಕ್ಕರಿನ ಮೇಲೆ ಹತ್ತಿ ನಿಲ್ಲಲು ಹೊರಟಾಗ ಹಿರಿಯರು ತಡೆದರು: “ಬಲ ಬೇಡ, ತಾಯಿ. ಬಲ ಹಾಕಿದರೆ ಒಳಗೆ ಮುರಿಯುತ್ತದೆ.” ಸ್ಪಾರ್ಕ್ ಪ್ಲಗ್ಗನ್ನು ತೆಗೆದು, ಆ ರಂಧ್ರದ ಮೂಲಕ ಡೀಸೆಲ್ಲನ್ನೂ ಎಣ್ಣೆಯನ್ನೂ ಬೆರೆಸಿ ಸುರಿದರು. ದಿನಕ್ಕೊಮ್ಮೆ ಮೆಲ್ಲನೆ ಒತ್ತಿ ನೋಡುವುದು, ಮತ್ತೆ ಸ್ವಲ್ಪ ಸುರಿಯುವುದು. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಪಿಸ್ಟನ್ನು ಒಂದು ಅಂಗುಲದಷ್ಟು ಸರಿಯಿತು. ಅಂದಿನಿಂದ ಹುಡುಗಿಗೆ ಕಾಯುವುದೂ ಕೆಲಸದ ಒಂದು ಭಾಗವೆಂದು ತಿಳಿಯಿತು.

ಆ ಎಂಜಿನ್ನಿನ ರಚನೆಯೇ ಒಂದು ಪಾಠ. ಸುಮಾರು 250 ಸಿ.ಸಿ. ಗಾತ್ರದ ಒಂದೇ ಸಿಲಿಂಡರು. ಅದರಿಂದ ಹೊರಡುವ ಹೊಗೆಕೊಳವೆಗಳು ಮಾತ್ರ ಎರಡು. ಇದು ಎರಡು ಸ್ಟ್ರೋಕಿನ ಎಂಜಿನ್. ಪಿಸ್ಟನ್ನು ಒಮ್ಮೆ ಮೇಲೇರಿ ಕೆಳಗಿಳಿಯುವಷ್ಟರಲ್ಲಿ ಅದರ ಕೆಲಸದ ಒಂದು ಸುತ್ತು ಮುಗಿಯುತ್ತದೆ. ಕಾರಿನ ಎಂಜಿನ್ನಿನಲ್ಲಿರುವಂಥ ವಾಲ್ವುಗಳು ಇದರಲ್ಲಿಲ್ಲ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಗೆ ಬರುತ್ತದೆ. ಪಿಸ್ಟನ್ನು ಇಳಿಯುವಾಗ ಒತ್ತಡಕ್ಕೆ ಸಿಕ್ಕಿ, ಗೋಡೆಯ ಕಿಂಡಿಗಳ ಮೂಲಕ ಮೇಲಕ್ಕೆ ನುಗ್ಗುತ್ತದೆ. ಅಲ್ಲಿ ಕಿಡಿ ತಾಗಿ ಉರಿಯುತ್ತದೆ. ಆದ್ದರಿಂದ ಕೆಳಗಿನ ಕೋಣೆಯಲ್ಲಿ ಗಾಳಿ ಸೋರಕೂಡದು. ಅದನ್ನು ತಡೆಯಲು ಅಲ್ಲಿ ರಬ್ಬರಿನ ಸೀಲುಗಳಿವೆ. ಬಹುಕಾಲ ನಿಂತ ಎಂಜಿನ್ನಿನಲ್ಲಿ ಅವು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಎಷ್ಟೋ ಹಳೆಯ ಜಾವಾಗಳು ಎಷ್ಟು ಒದ್ದರೂ ಹೊತ್ತಿಕೊಳ್ಳದಿರುವುದಕ್ಕೆ, ಅಂಗೈಯಷ್ಟೂ ಅಗಲವಿಲ್ಲದ ಈ ಸೀಲುಗಳು ಕಾರಣವಾಗಿರುವುದುಂಟು. ದೊಡ್ಡ ರೋಗಕ್ಕೆ ಯಾವಾಗಲೂ ದೊಡ್ಡ ಕಾರಣವೇ ಇರಬೇಕೆಂದಿಲ್ಲ.

ಹೊಸ ಸೀಲುಗಳನ್ನು ಹಾಕಿದ ಮೇಲೆ ಕಾರ್ಬುರೇಟರಿನ ಸರದಿ. ಅದರ ಹಿತ್ತಾಳೆಯ ಜೆಟ್ಟಿನಲ್ಲಿ ಕೂದಲೆಳೆಯಷ್ಟು ಸಣ್ಣ ರಂಧ್ರವಿದೆ. ಹಳೆಯ ಪೆಟ್ರೋಲು ಒಣಗಿ ಅಂಟಿನಂತಾಗಿ ಅದನ್ನು ಮುಚ್ಚಿತ್ತು. ಹುಡುಗಿ ಸೂಜಿಯನ್ನು ಹುಡುಕಿದಳು. ಹಿರಿಯರು ತಲೆಯಾಡಿಸಿದರು. ಸೂಜಿ ಚುಚ್ಚಿದರೆ ರಂಧ್ರ ಹಿಗ್ಗುತ್ತದೆ; ಹಿಗ್ಗಿದರೆ ಪೆಟ್ರೋಲಿನ ಅಳತೆಯೇ ಕೆಡುತ್ತದೆ. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಯಿಟ್ಟು, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಬಿಡಿಸಿದರು. ಟ್ಯಾಂಕಿನೊಳಗಿನ ತುಕ್ಕನ್ನು ತೆಗೆಯಲು ಸಣ್ಣ ಜಲ್ಲಿಕಲ್ಲುಗಳನ್ನೂ ಸೀಮೆಎಣ್ಣೆಯನ್ನೂ ಹಾಕಿ, ಅಜ್ಜ ಮೊಮ್ಮಗಳಿಬ್ಬರೂ ಸರದಿಯ ಮೇಲೆ ಕುಲುಕಿದರು. ಹೊಗೆಕೊಳವೆಗಳೊಳಗೆ ಕಟ್ಟಿದ್ದ ಕರಿಯನ್ನು ಕೆರೆದು ತೆಗೆದರು. ಕಿಡಿಯನ್ನು ಸಕಾಲದಲ್ಲಿ ಹಾರಿಸುವ ಪಾಯಿಂಟುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ನಡುವಿನ ಅಂತರವನ್ನು ಸುಮಾರು 0.4 ಮಿಲಿಮೀಟರಿಗೆ ಹೊಂದಿಸಿದರು. ಶಾಲೆಯ ಅಳತೆಪಟ್ಟಿಯಲ್ಲಿ ಮಿಲಿಮೀಟರಿಗಿಂತ ಚಿಕ್ಕ ಗೆರೆಯಿಲ್ಲ. ಅದರ ಅರ್ಧಕ್ಕಿಂತ ಕಡಿಮೆಯಾದ ಅಳತೆಯ ಮೇಲೆ ಇಡೀ ವಾಹನದ ಓಟ ನಿಂತಿದೆಯೆಂಬುದನ್ನು ಹುಡುಗಿ ತನ್ನ ಕೈಯಿಂದಲೇ ಅರಿತಳು.

ರಜೆ ಮುಗಿಯಲು ನಾಲ್ಕು ದಿನಗಳಿದ್ದವು. ಪೆಟ್ರೋಲಿಗೆ ಎಣ್ಣೆ ಬೆರೆಸಿ ತುಂಬಿದ್ದಾಯಿತು. ಜಾವಾದಲ್ಲಿ ಕಿಕ್ಕರು ಬೇರೆಯಲ್ಲ, ಗೇರು ಬೇರೆಯಲ್ಲ. ಎಡಗಡೆಯ ಒಂದೇ ಸನ್ನೆ ಎರಡು ಕೆಲಸಗಳನ್ನೂ ಮಾಡುತ್ತದೆ. ಮೇಷ್ಟ್ರು ಅದನ್ನು ಮೇಲೆತ್ತಿ ಒದ್ದರು. ಹತ್ತು ಸಲ, ಇಪ್ಪತ್ತು ಸಲ ಒದ್ದರು. ಪ್ಲಗ್ಗನ್ನು ಬಿಚ್ಚಿ ಒರೆಸಿ ಮತ್ತೆ ಹಾಕಿದರು. ಆಮೇಲೆ ಎಂಜಿನ್ ಒಮ್ಮೆ ಕೆಮ್ಮಿ, ಹಿತ್ತಿಲ ತುಂಬ ಬಿಳಿಯ ಹೊಗೆ ಬಿಟ್ಟು, ತನ್ನ ಹಳೆಯ ದನಿಯಲ್ಲಿ ನುಡಿಯತೊಡಗಿತು. ನೆರೆಯವರು ಗೋಡೆಯ ಮೇಲಿಂದ ಇಣುಕಿದರು. ಹಿರಿಯರು ಹಿಗ್ಗಿ ಮಾತನಾಡಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಆಲಿಸಿದರು. “ಪಾಯಿಂಟು ಇನ್ನೊಂದು ಎಳೆ ಸರಿಯಬೇಕು. ನೀನೇ ಸರಿಮಾಡು, ತಾಯಿ” ಎಂದರು. ಅವರ ಮೂವತ್ತು ವರ್ಷಗಳ ಹಿಂದಿನ ಕೆಲಸ ಆ ದಿನ ಮತ್ತೊಂದು ಕೈಗೆ ದಾಟಿತು.

ಒಂದು ಯಂತ್ರವನ್ನು ಎಬ್ಬಿಸುವುದು ಉತ್ಸಾಹದ ಕೆಲಸ. ಅದು ಮತ್ತೆ ಮಲಗದಂತೆ ನೋಡಿಕೊಳ್ಳುವುದು ಅಭ್ಯಾಸದ ಕೆಲಸ. ಎರಡನೆಯದಕ್ಕೆ ಚಪ್ಪಾಳೆಯಿಲ್ಲ. ಪೆಟ್ರೋಲು ಹಾಕಿಸುವಾಗಲೆಲ್ಲ ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ ಎಣ್ಣೆ ಬೆರೆಸಬೇಕು. ಮರೆತರೆ ಪಿಸ್ಟನ್ನು ಕಾದು ಕಚ್ಚಿಕೊಳ್ಳುತ್ತದೆ. ಪ್ಲಗ್ಗನ್ನು ಆಗಾಗ ಬಿಚ್ಚಿ ನೋಡಬೇಕು. ಅದರ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಾಗಿದೆ. ತೀರ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಅತಿಯಾಗಿ ಕಾಯುತ್ತಿದೆ. ವೈದ್ಯರು ನಾಲಗೆಯನ್ನು ನೋಡಿ ರೋಗವನ್ನು ಊಹಿಸುವಂತೆ, ಬಲ್ಲವರು ಪ್ಲಗ್ಗನ್ನು ನೋಡಿ ಎಂಜಿನ್ನಿನ ಸ್ಥಿತಿಯನ್ನು ಹೇಳುತ್ತಾರೆ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ, ಬಿಗಿಯಾದದ್ದು ಝಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ನುಡಿಯುತ್ತದೆ. ವಾಹನವನ್ನು ಕೆಲವು ವಾರ ನಿಲ್ಲಿಸುವುದಿದ್ದರೆ, ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರಿನಲ್ಲಿರುವುದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಇವೆಲ್ಲ ಸಣ್ಣ ಕೆಲಸಗಳು. ಕಣ್ಣು, ಕಿವಿ, ಕೈಗಳು ಎಚ್ಚರವಾಗಿದ್ದರೆ ಸಾಕು.

ಹಳೆಯದೆಲ್ಲ ಒಳ್ಳೆಯದೆಂದು ಇದರಿಂದ ತಿಳಿಯಬಾರದು. ಎರಡು ಸ್ಟ್ರೋಕಿನ ಎಂಜಿನ್ ಎಣ್ಣೆಯನ್ನೂ ಪೆಟ್ರೋಲಿನ ಜೊತೆಯಲ್ಲಿ ಸುಡುತ್ತದೆ. ಉರಿಯದ ಪೆಟ್ರೋಲಿನ ಒಂದಷ್ಟನ್ನು ಹೊರಕ್ಕೆ ಚೆಲ್ಲುತ್ತದೆ. ಅದರ ಹೊಗೆ ಊರಿನ ಗಾಳಿಗೆ ಹಿತವಲ್ಲ. ಎಲ್ಲರೂ ದಿನವೂ ಇಂಥ ವಾಹನಗಳಲ್ಲೇ ಓಡಾಡತೊಡಗಿದರೆ ಉಸಿರಾಟವೇ ಕಷ್ಟವಾದೀತು. ಕಾನೂನು ಕೂಡ ಈ ವಿಷಯದಲ್ಲಿ ಎಚ್ಚರದಿಂದಿದೆ. ಸ್ವಂತ ಬಳಕೆಯ ವಾಹನದ ನೋಂದಣಿ ಹದಿನೈದು ವರ್ಷಗಳಿಗೆ ಮುಗಿಯುತ್ತದೆ; ಆಮೇಲೆ ವಾಹನವನ್ನು ಪರೀಕ್ಷೆಗೆ ಒಡ್ಡಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಐವತ್ತು ವರ್ಷ ದಾಟಿಯೂ ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಮಾಡಿತು. ಅಂಥವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಜಾವಾ ಎಂಬ ಹೆಸರು 2018ರಲ್ಲಿ ಭಾರತದ ಮಾರುಕಟ್ಟೆಗೆ ಮರಳಿ ಬಂದಿತಾದರೂ, ಆ ಹೆಸರಿನ ಹೊಸ ವಾಹನಗಳ ಎಂಜಿನ್ನುಗಳು ನಾಲ್ಕು ಸ್ಟ್ರೋಕಿನವು. ಹಳೆಯ ಜಾವಾ ಭಾನುವಾರದ ಬೆಳಗ್ಗೆ ಒಂದು ಸುತ್ತು ಹೋಗಿಬಂದರೆ ಸಾಕು. ವಯಸ್ಸಾದವರಿಗೆ ವಾಯುವಿಹಾರ ಹೇಗೋ ಹಾಗೆ.

ಹಾಗಾದರೆ ಇಷ್ಟು ಶ್ರಮಕ್ಕೆ ಫಲವೇನು? ಆ ಯಂತ್ರವನ್ನು ಬಿಚ್ಚಿದವರಿಗೆ ಅದರೊಳಗೆ ರಹಸ್ಯವೆಂಬುದು ಉಳಿಯಲಿಲ್ಲ. ಎಲ್ಲಿ ಗಾಳಿ ಬರುತ್ತದೆ, ಎಲ್ಲಿ ಕಿಡಿ ಹಾರುತ್ತದೆ, ಯಾವ ಸದ್ದಿಗೆ ಏನು ಕಾರಣವೆಂಬುದನ್ನು ಅವರು ಬಲ್ಲರು. ಹಣ ಕೊಟ್ಟು ಕೊಂಡ ವಸ್ತು ಕಾಗದಪತ್ರಗಳ ಪ್ರಕಾರ ತನ್ನದಾಗುತ್ತದೆ; ಅರಿತು, ದುರಸ್ತಿಮಾಡಿ, ಕಾಪಾಡಿಕೊಂಡ ವಸ್ತು ನಿಜವಾಗಿ ತನ್ನದಾಗುತ್ತದೆ. ಕೆಟ್ಟೊಡನೆ ಎಸೆದು ಹೊಸದನ್ನು ತರುವವನು ಕೊನೆಯವರೆಗೂ ಕೊಳ್ಳುವವನಾಗಿಯೇ ಉಳಿಯುತ್ತಾನೆ.

ಮಹಾನವಮಿಯ ಆಯುಧಪೂಜೆಯಂದು ಮೈಸೂರು ಸೀಮೆಯಲ್ಲಿ ಯಂತ್ರಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಹೂವೇರಿಸಿ, ಬೂದುಗುಂಬಳಕಾಯಿ ಒಡೆಯುತ್ತಾರೆ. ದುಡಿಯುವ ಉಪಕರಣಕ್ಕೆ ಕೈಮುಗಿಯುವ ಆ ಪದ್ಧತಿ ಬಹಳ ಹಿರಿದಾದದ್ದು. ಆದರೆ ಒಂದು ದಿನದ ಹೂವು ವರ್ಷವಿಡೀ ಎಣ್ಣೆ ಕಾಣದ ಯಂತ್ರವನ್ನು ಕಾಪಾಡಲಾರದು. ಕಾರ್ಖಾನೆಗಳು ಹುಟ್ಟುತ್ತವೆ, ಮುಚ್ಚುತ್ತವೆ. ಅಲ್ಲಿ ದುಡಿದವರ ಕೈಗಳಿಗೂ ವಯಸ್ಸಾಗುತ್ತದೆ. ಆ ಕೈಗಳ ವಿದ್ಯೆ ಅವರೊಡನೆಯೇ ಮುಗಿಯಬೇಕೇ, ಮುಂದಿನವರಿಗೆ ದಾಟಬೇಕೇ ಎಂಬುದನ್ನು ಪಕ್ಕದಲ್ಲಿ ಕುಳಿತು ಕಲಿಯಲು ಸಿದ್ಧರಿರುವ ಎಳೆಯರೇ ತೀರ್ಮಾನಿಸಬೇಕು.